ಫ್ರೀ ಗೇಮ್‌ನ ಪಹಣಿ ಯಾರ ಹೆಸರಲ್ಲಿದೆ?

1/6

ಬಿಕಾಂನವರೆಲ್ಲ ಒಂದು ನಿಮಿಷ ಟ್ಯಾಲಿ ರೆಕಾರ್ಡ್ ತೆಗೀರಿ. ವೋಚರ್ ತಾರೀಖು ನೋಡಿ. 1, 2, 31. ಮುಂದಿನ ಪುಟ, ಮತ್ತೆ 1, 2, 31. ನಮ್ಮ ರೆಕಾರ್ಡ್‌ನಲ್ಲಿರೋ ವ್ಯಾಪಾರಿ ತಿಂಗಳಿಗೆ ಮೂರೇ ದಿನ ಅಂಗಡಿ ತೆಗೀತಾನೆ, ಉಳಿದ ದಿನ ಎಲ್ಲಿಗೆ ಹೋಗ್ತಾನೋ ದೇವರೇ ಬಲ್ಲ. ಕಾರಣ ನಿಮಗೆ ಗೊತ್ತಿರೋದೇ. ಲೈಸೆನ್ಸ್ ತಗೊಳ್ದೆ ಎಜುಕೇಶನಲ್ ಮೋಡ್‌ನಲ್ಲಿ ಓಡಿಸಿದ್ರೆ ಟ್ಯಾಲಿ ಈ ತಾರೀಖುಗಳಿಗೆ ಮಾತ್ರ ಎಂಟ್ರಿ ಬಿಡುತ್ತೆ. ಬೆಂಗಳೂರಿನ ಕಂಪನಿ, ಕಲಿಯೋರಿಗೆ ಫ್ರೀ ಕೊಡ್ತಾರೆ, ಜೊತೆಗೆ ಒಂದು ಬೀಗ ಹಾಕಿ ಕೊಡ್ತಾರೆ. ಬೀಗ ಇದೆ ಅಂತ ಮೊದಲೇ ಹೇಳ್ತಾರೆ, ಹಾಗಾಗಿ ನನಗೆ ಅದರ ಮೇಲೆ ಸಿಟ್ಟಿಲ್ಲ.

ಸಾಫ್ಟ್‌ವೇರ್, ಗೇಮ್, ಇ-ಪುಸ್ತಕಗಳಿಗೆ ಹಾಕೋ ಇಂಥ ಬೀಗಕ್ಕೆ ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್ ಅಂತಾರೆ, ಚಿಕ್ಕದಾಗಿ ಡಿಆರ್‌ಎಂ. ಹೋದ ವಾರ ಸ್ಟೋರಿಯಲ್ಲಿ "ಫ್ರೀ ಗೇಮ್ ಕ್ಲೈಮ್ ಮಾಡೋ ಮುಂಚೆ ಡಿಆರ್‌ಎಂ ಇದೆಯಾ ನೋಡಿ" ಅಂತ ಹಾಕಿದ್ದೆ. ಒಬ್ಬ ಕ್ಲಾಸ್‌ಮೇಟ್ ತಕ್ಷಣ ಮೆಸೇಜ್ ಮಾಡಿದ: "ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತಾರೇನೋ?" ಗಾದೆ ಸರಿಯಾಗೇ ಇದೆ ಗುರು. ಆದ್ರೆ ಹಸು ಕೊಟ್ಟವನು ಹಗ್ಗ ಮಾತ್ರ ತನ್ನ ಕೈಯಲ್ಲೇ ಇಟ್ಕೊಂಡಿದ್ರೆ? ಅವನಿಗೆ ಕೊಡಬೇಕಾದ ಉತ್ತರ ಒಂದು ಮೆಸೇಜ್‌ನಲ್ಲಿ ಹಿಡಿಸಲಿಲ್ಲ, ಅದಕ್ಕೇ ಈ ಸೀರೀಸ್.

2/6

ಮೊದಲು "ದಾನ" ಅನ್ನೋ ಪದ ನೋಡೋಣ. ಲೆಕ್ಕದ ಹುಡುಗರು ನಾವು, ಲೆಕ್ಕದಿಂದಲೇ ಶುರು ಮಾಡೋಣ.

ಎಪಿಕ್ ಗೇಮ್ಸ್ ಸ್ಟೋರ್ 2018ರ ಡಿಸೆಂಬರ್‌ನಲ್ಲಿ ಶುರುವಾದಾಗಿನಿಂದ ಫ್ರೀ ಗೇಮ್ ಕೊಡ್ತಾನೇ ಇದೆ. 2021ರಲ್ಲಿ ಎಪಿಕ್ ಮತ್ತು ಆಪಲ್ ಕೋರ್ಟಿನಲ್ಲಿ ಜಗಳ ಆಡಿದಾಗ ಒಳಗಿನ ಕಾಗದಗಳು ಹೊರಗೆ ಬಂದ್ವು. ಮೊದಲ ಒಂಬತ್ತು ತಿಂಗಳ ಫ್ರೀ ಗೇಮ್‌ಗಳಿಗೆ ಎಪಿಕ್ ಅವುಗಳ ಮಾಲೀಕರಿಗೆ ಕೊಟ್ಟಿದ್ದು ಸುಮಾರು 1.16 ಕೋಟಿ ಡಾಲರ್. ಅದರಿಂದ ಬಂದ ಹೊಸ ಅಕೌಂಟ್‌ಗಳು ಹತ್ತಿರ ಹತ್ತಿರ 50 ಲಕ್ಷ. ಭಾಗಿಸಿ. ತಲೆಗೆ 2.3 ಡಾಲರ್ ಆಸುಪಾಸು. ಇದನ್ನ ಪಿ ಅಂಡ್ ಎಲ್‌ನಲ್ಲಿ ಎಲ್ಲಿ ಬರೀತೀರಿ? ಚಾರಿಟಿ ಅಂತಲ್ಲ, ಅಡ್ವರ್ಟೈಸ್‌ಮೆಂಟ್ ಅಂತ. ಒಬ್ಬ ಗಿರಾಕಿನ ಅಂಗಡಿ ಮೆಟ್ಟಿಲು ಹತ್ತಿಸೋಕೆ ಇನ್ನೂರು ರೂಪಾಯಿಗಿಂತ ಕಮ್ಮಿ ಬೀಳೋದಾದ್ರೆ ಯಾವ ಸೇಠು ಬಿಡ್ತಾನೆ?

ಇದು ತಪ್ಪು ಅಂತ ನಾನು ಹೇಳ್ತಿಲ್ಲ. ಒಳ್ಳೇ ವ್ಯಾಪಾರ. 2020ರ ಮೇನಲ್ಲಿ, ಲಾಕ್‌ಡೌನ್ ಮಧ್ಯೆ, ಜಿಟಿಎ 5 ಫ್ರೀ ಅಂದಾಗ ಜನ ಮುಗಿಬಿದ್ದು ಎಪಿಕ್ ಸೈಟೇ ಗಂಟೆಗಟ್ಟಲೆ ಮಲಗಿಬಿಡ್ತು. ಅಂದಹಾಗೆ ಆ ಗೇಮ್ ಮಾಡಿದ ರಾಕ್‌ಸ್ಟಾರ್‌ಗೆ ಬೆಂಗಳೂರಲ್ಲೂ ಸ್ಟುಡಿಯೋ ಇದೆ. 1997ರಲ್ಲಿ ಬೆಂಗಳೂರಲ್ಲಿ ಶುರುವಾದ ಧ್ರುವ ಇಂಟರ್ಯಾಕ್ಟಿವ್ ಅನ್ನೋ ಕಂಪನಿಯನ್ನ ರಾಕ್‌ಸ್ಟಾರ್ 2019ರಲ್ಲಿ ಕೊಂಡುಕೊಳ್ತು. ನಮ್ಮ ತಿಪಟೂರಲ್ಲಿ ರೈಲು ಹತ್ತಿದವರು ಇಳಿಯೋ ಊರಲ್ಲೇ ಗೇಮ್ ಮಾಡಿ ಸಂಬಳ ತಗೊಳ್ಳೋರಿದಾರೆ. ಪೈರಸಿ ಬಗ್ಗೆ ಮಾತಾಡುವಾಗ ಇದು ನೆನಪಿರಲಿ, ಮುಂದೆ ಬರುತ್ತೆ.

3/6

ಈಗ ನಮ್ಮ ದಂಡಿನಶಿವರದ ಕಥೆ. ಅಂಗಡಿ ಹೆಸರು ಹೇಳಲ್ಲ, ಯಾವುದಾಗಿದ್ರೂ ಕಥೆ ಇದೇ ಆಗ್ತಿತ್ತು.

ನಮ್ಮ ದೊಡ್ಡಪ್ಪನ ಮಗ ಪೀಣ್ಯದಲ್ಲಿ ಕೆಲಸ ಮಾಡೋನು. ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ಒಂದು ಹಳೇ ಲ್ಯಾಪ್‌ಟಾಪ್ ತಂದಿದ್ದ. ನಮ್ಮ ಮನೆ ಒಳಗೆ ನೆಟ್‌ವರ್ಕ್ ಒಂದೇ ಕಡ್ಡಿ. ತೋಟದ ಪಂಪ್‌ಹೌಸ್ ಹತ್ರ ಮೂರು ಕಡ್ಡಿ. ಹಾಗಾಗಿ ಸಂಜೆ ಆದ್ರೆ ನಾವಿಬ್ಬರೂ ಪಂಪ್‌ಹೌಸ್ ಕಟ್ಟೆ ಮೇಲೆ. ದಿನಕ್ಕೆ 1.5 ಜಿಬಿ ಡೇಟಾ, ಗೇಮ್ 40 ಜಿಬಿ. ತೆಂಗಿನ ಗರಿ ಸಂದಿಯಲ್ಲಿ ಸೊಳ್ಳೆ ಕಚ್ಚಿಸ್ಕೊಂಡು ತಿಂಗಳುಗಟ್ಟಲೆ ಒಂದೊಂದೇ ಗೇಮ್ ಇಳಿಸಿದ್ವಿ. ಆಡದಿದ್ರೂ ಫ್ರೀ ಬಂದಿದ್ದನ್ನೆಲ್ಲ ಅವನು ಕ್ಲೈಮ್ ಮಾಡ್ತಿದ್ದ. ವಾಪಸ್ ಹೋಗುವಾಗ "ಇದು ನಿಂಗೇ ಇರ್ಲಿ" ಅಂತ ಲ್ಯಾಪ್‌ಟಾಪ್ ಜೊತೆ ಅಕೌಂಟನ್ನೂ ನನಗೆ ಬಿಟ್ಟ. ಲೈಬ್ರರಿಯಲ್ಲಿ ಆಗ ತೊಂಬತ್ತು ಚಿಲ್ಲರೆ ಗೇಮ್.

ಮೂರು ವರ್ಷ ಆದ ಮೇಲೆ ವಿಂಡೋಸ್ ಕೆಟ್ಟು ಮತ್ತೆ ಹಾಕಿಸಬೇಕಾಯ್ತು. ಡಿ ಡ್ರೈವ್‌ನಲ್ಲಿದ್ದ ಗೇಮ್ ಫೈಲ್‌ಗೆ ಏನೂ ಆಗಿರಲಿಲ್ಲ. ಡಬಲ್ ಕ್ಲಿಕ್ ಮಾಡಿದ್ರೆ ಲಾಗಿನ್ ಕೇಳ್ತು. ಲಾಗಿನ್ ಕೊಟ್ರೆ ಓಟಿಪಿ. ಓಟಿಪಿ ಹೋಗಿದ್ದು ಅಣ್ಣನ ಹಳೇ ಸಿಮ್‌ಗೆ. ರೀಚಾರ್ಜ್ ಇಲ್ಲದೆ ಆ ಸಿಮ್ ಯಾವಾಗಲೋ ಸತ್ತು ನಂಬರ್ ಬೇರೆಯವರ ಪಾಲಾಗಿತ್ತು. ಫೋನ್ ಮಾಡಿದ್ರೆ ಯಾರೋ ಪುಣ್ಯಾತ್ಮ ಹಿಂದಿಯಲ್ಲಿ "ಕೌನ್?" ಅಂದ. ಅವನಿಗೆ ಏನಂತ ಹೇಳೋದು?

ಅಂಗಡಿಯ ಸಪೋರ್ಟ್‌ಗೆ ಅಣ್ಣನೇ ಬರೆದ. ಉತ್ತರ ಬಂತು: ಅಕೌಂಟ್ ನಿಮ್ಮದೇ ಅಂತ ತೋರಿಸೋಕೆ ಮೊದಲ ಖರೀದಿಯ ಬಿಲ್ ಕಳಿಸಿ. ಫ್ರೀ ತಗೊಂಡವನ ಹತ್ರ ಬಿಲ್ ಎಲ್ಲಿಂದ ಬರಬೇಕು?

ಫೈಲ್ ಈಗಲೂ ಇದೆ. ಕೊಬ್ಬರಿ ಅಟ್ಟದಲ್ಲೇ ಇದೆ, ಏಣಿ ಇಲ್ಲ. ದೊಡ್ಡಪ್ಪನಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಪಹಣಿ ಯಾರ ಹೆಸರಲ್ಲೈತೆ ಅಂತ ನೋಡ್ದಲೇ ಅಷ್ಟು ದಿನ ಗೊಬ್ಬರ ಹಾಕುದ್ರಾ?"

4/6

ದೊಡ್ಡಪ್ಪನ ಮಾತು ಕಾನೂನು ಪ್ರಕಾರವೂ ಸರಿ. ತೋಟ ಗುತ್ತಿಗೆ ಹಿಡಿದವನು ಕಾಯಿ ಕೀಳಬಹುದು, ಆದ್ರೆ ಮರ ಅವನದಲ್ಲ. ಗೇಮ್ ವಿಷಯದಲ್ಲಿ ಕ್ಲೈಮ್ ಮಾಡಿದ್ರೂ, ದುಡ್ಡು ಕೊಟ್ಟು ಕೊಂಡ್ರೂ ಸಿಗೋದು ಲೈಸೆನ್ಸ್, ಅಂದ್ರೆ ಗುತ್ತಿಗೆ.

ಇದಕ್ಕೆ ದಿ ಕ್ರ್ಯೂ ಅನ್ನೋ ಕಾರ್ ಗೇಮ್‌ಗಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ. ಯೂಬಿಸಾಫ್ಟ್ ಇದನ್ನ 2014ರಲ್ಲಿ ಬಿಡ್ತು. 2016ರಲ್ಲಿ ಕಂಪನಿಗೆ 30 ವರ್ಷ ತುಂಬಿದಾಗ ತಿಂಗಳಿಗೊಂದು ಗೇಮ್ ಫ್ರೀ ಕೊಟ್ರು, ಸೆಪ್ಟೆಂಬರ್ ತಿಂಗಳ ಗೇಮ್ ಇದೇ. 2024ರ ಮಾರ್ಚ್ 31ಕ್ಕೆ ಸರ್ವರ್ ಆಫ್ ಮಾಡಿದ್ರು. ಈ ಗೇಮ್ ಒಬ್ಬರೇ ಆಡಿದ್ರೂ ಸರ್ವರ್ ಕೇಳ್ತಿತ್ತು, ಹಾಗಾಗಿ ಅವತ್ತಿಗೆ ಎಲ್ಲರಿಗೂ ಮುಗೀತು. ಫ್ರೀ ತಗೊಂಡವರಿಗೂ, ಪೂರ್ತಿ ದುಡ್ಡು ಕೊಟ್ಟವರಿಗೂ. ಇದರಿಂದ ಸಿಟ್ಟಾದ ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಅಂತ ಚಳವಳಿ ಶುರು ಮಾಡಿದ. ಯುರೋಪ್‌ನಲ್ಲಿ ಅದರ ಅರ್ಜಿಗೆ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟ್ತು.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಬಂದಿದೆ. ಕೊಡ್ತಿರೋದು ಲೈಸೆನ್ಸ್ ಮಾತ್ರ ಆಗಿದ್ರೆ ಅದನ್ನ ಸ್ಪಷ್ಟವಾಗಿ ಹೇಳದೆ "ಬೈ" ಅಂತ ಬಟನ್ ಇಡೋ ಹಾಗಿಲ್ಲ. ಸ್ಟೀಮ್‌ನವರು ಅದಕ್ಕೂ ಮುಂಚೆಯೇ ಕಾರ್ಟ್ ಹತ್ರ ಈ ಸಾಲು ಹಾಕಿದ್ರು, ನೋಡಿರ್ತೀರಿ. ಆದ್ರೆ ಆ ಕಾನೂನಿನಲ್ಲಿ ವಿನಾಯಿತಿ ಇದೆ, ದುಡ್ಡಿಲ್ಲದೆ ಕೊಡೋ ವಸ್ತುಗೆ ಅನ್ವಯ ಆಗಲ್ಲ. ಫ್ರೀ ತಗೊಳ್ಳೋ ನಮಗೆ ಆ ಒಂದು ಸಾಲಿನ ಎಚ್ಚರಿಕೆಯೂ ಹಕ್ಕಲ್ಲ. ಹಸುವಿನ ಗಾದೆ ಅಲ್ಲೂ ಯಾರೋ ಹೇಳಿರಬೇಕು!

5/6

ಕಂಪನಿ ಕಡೆಯ ಮಾತೂ ಕೇಳಿ. ಬೀಗ ಇಲ್ಲದಿದ್ರೆ ಬಿಡುಗಡೆ ದಿನವೇ ಗೇಮ್ ಟೆಲಿಗ್ರಾಂಗೆ ಬರುತ್ತೆ. ಮಾರಾಟ ಜಾಸ್ತಿ ಆಗೋದು ಮೊದಲ ಕೆಲವು ವಾರದಲ್ಲೇ. ಅಷ್ಟು ದಿನ ತಡೆದ್ರೆ ಸಾಕು ಅಂತ ಡೆನುವೋ ಥರದ ಬೀಗಕ್ಕೆ ದುಡ್ಡು ಸುರೀತಾರೆ. ಬೆಂಗಳೂರಿನ ಸಂಬಳದ ವಿಷಯ ಹೇಳಿದ್ನಲ್ಲ, ಅದೂ ಈ ದುಡ್ಡಿಂದಲೇ ಬರೋದು. ಇದು ಸುಳ್ಳು ವಾದ ಅಲ್ಲ.

ಆದ್ರೆ ಬೀಗದ ಕಾಟ ಯಾರಿಗೆ? ಕ್ರ್ಯಾಕ್ ಹಾಕ್ಕೊಂಡವನಿಗೆ ಲಾಗಿನ್ ಇಲ್ಲ, ಓಟಿಪಿ ಇಲ್ಲ, ಕರೆಂಟ್ ಹೋಗಿ ಟವರ್ ಬಿದ್ರೂ ಅವನ ಗೇಮ್ ಓಡುತ್ತೆ. ನೆಟ್ ಇಲ್ಲದೆ ಒದ್ದಾಡೋನು ನಿಯತ್ತಾಗಿ ತಗೊಂಡವನು. 2008ರಲ್ಲಿ ಸ್ಪೋರ್ ಅನ್ನೋ ಗೇಮ್‌ಗೆ ಮೂರೇ ಸಲ ಆ್ಯಕ್ಟಿವೇಶನ್ ಅಂತ ಮಿತಿ ಹಾಕಿದ್ರು. ಆ ವರ್ಷ ಅತಿ ಹೆಚ್ಚು ಪೈರಸಿ ಆದ ಗೇಮ್‌ಗಳ ಪಟ್ಟಿಯಲ್ಲಿ ಅದೇ ಮೇಲೆ. ಬೆಂಗಳೂರಲ್ಲಿ ಫೈಬರ್ ಇರೋನಿಗೆ ಡಿಆರ್‌ಎಂ ಕಾಣೋದೇ ಇಲ್ಲ. ಅದು ಕಾಣೋದು ಪಂಪ್‌ಹೌಸ್ ಕಟ್ಟೆ ಮೇಲೆ ಕೂತವನಿಗೆ. ಈ ಚರ್ಚೆಯಲ್ಲಿ ನಮ್ಮಂಥವರ ಮಾತು ಕೇಳಿಸಲ್ಲ ಅನ್ನೋದೇ ನನ್ನ ತಕರಾರು.

"ಹಾಗಾದ್ರೆ ಕ್ರ್ಯಾಕ್ ಮಾಡ್ಕೊಳ್ಳೋಣ" ಅಂತ ಕಾಮೆಂಟ್ ಹಾಕೋಕೆ ಹೊರಟವರು ಸ್ವಲ್ಪ ತಡೀರಿ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಎ ಸೆಕ್ಷನ್ ಸೇರಿದೆ. ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಬೀಗ ಮುರಿದ್ರೆ ಎರಡು ವರ್ಷದವರೆಗೆ ಜೈಲು, ದಂಡ. "ಉದ್ದೇಶದಿಂದ" ಅನ್ನೋ ಪದ ಅಲ್ಲಿದೆ, ಬಿಸಿನೆಸ್ ಲಾ ಓದಿದವರು ಗಮನಿಸಿ. ಅದೇ ಕಾಯ್ದೆಯ 52ನೇ ಸೆಕ್ಷನ್, ಕಾನೂನುಬದ್ಧವಾಗಿ ಪಡೆದ ಪ್ರೋಗ್ರಾಮ್‌ನ ಬ್ಯಾಕಪ್ ಪ್ರತಿ ಇಟ್ಕೊಳ್ಳೋಕೆ ಬಿಡುತ್ತೆ. ಬ್ಯಾಕಪ್ ಇಡಬಹುದು, ಆದ್ರೆ ಸರ್ವರ್ ಹೂಂ ಅನ್ನದೆ ಆ ಬ್ಯಾಕಪ್ ಓಡಲ್ಲ. ಇದಕ್ಕೇನು ಮಾಡೋದು ಅಂತ ನನಗಿಂತ ಮೇಷ್ಟ್ರನ್ನ ಕೇಳಿ.

6/6

ನಾನೀಗ ಏನು ಮಾಡ್ತೀನಿ ಅಂತ ತುಂಬಾ ಜನ ಕೇಳಿದ್ರು. ಫ್ರೀ ಗೇಮ್ ಬಂದ್ರೆ ಈಗಲೂ ತಗೋತೀನಿ, ಬಿಡಲ್ಲ! ಆದ್ರೆ ಇಳಿಸಿದ ಮೇಲೆ ಒಂದು ಪರೀಕ್ಷೆ: ನೆಟ್ ಆಫ್, ಲಾಂಚರ್ ಕ್ಲೋಸ್, ಫೋಲ್ಡರ್‌ಗೆ ಹೋಗಿ ನೇರವಾಗಿ ಗೇಮ್ ಫೈಲ್ ಮೇಲೆ ಕ್ಲಿಕ್. ಎಪಿಕ್, ಸ್ಟೀಮ್ ಎರಡರಲ್ಲೂ ಹೀಗೆ ಓಡೋ ಗೇಮ್‌ಗಳಿವೆ. ಬೀಗ ಹಾಕೋದು ಬಿಡೋದು ಗೇಮ್ ಮಾಲೀಕರ ಇಷ್ಟ, ಅಂಗಡಿಯ ಕಡ್ಡಾಯ ಅಲ್ಲ. ಓಡಿದ್ರೆ ಆ ಫೋಲ್ಡರ್ ಹಾರ್ಡ್ ಡಿಸ್ಕ್‌ಗೆ. ಓಡದಿದ್ರೆ ಅದು ಗುತ್ತಿಗೆ ಅಂತ ಗೊತ್ತಿಟ್ಕೊಂಡೇ ಆಡ್ತೀನಿ, ಅದಕ್ಕೆ ತಿಂಗಳ ಡೇಟಾ ಸುರಿಯಲ್ಲ.

ಪೋಲೆಂಡ್‌ನ ಜಿಒಜಿ ಅನ್ನೋ ಅಂಗಡಿ 2008ರಿಂದ ಬೀಗ ಇಲ್ಲದ ಗೇಮ್‌ಗಳನ್ನೇ ಮಾರ್ತಿದೆ, ಆಗಾಗ ಫ್ರೀನೂ ಕೊಡುತ್ತೆ. ಅಲ್ಲಿ ಆಫ್‌ಲೈನ್ ಇನ್‌ಸ್ಟಾಲರ್ ಸಿಗುತ್ತೆ, ಒಂದು ಸಲ ಇಳಿಸಿ ಎತ್ತಿಟ್ರೆ ಯಾರ ಸರ್ವರ್ ಸತ್ರೂ ಚಿಂತೆ ಇಲ್ಲ. ಹಾಗಂತ ಅದನ್ನ ಕ್ಲಾಸಿಗೆಲ್ಲ ಹಂಚೋ ಹಾಗಿಲ್ಲ. ಬೇಲಿ ಇಲ್ಲದ ತೋಟ ಅಂದ್ರೆ ಊರವರೆಲ್ಲ ಕಾಯಿ ಕೀಳಬಹುದು ಅಂತಲ್ಲ.

ಹಂಚೋಕೇ ಅಂತ ಬೇರೆ ಗೇಮ್‌ಗಳಿವೆ. 0 ಎ.ಡಿ. ಅಂತ ಒಂದು ಯುದ್ಧದ ಗೇಮ್. ಓಪನ್ ಸೋರ್ಸ್, ಅಕೌಂಟ್ ಬೇಡ, ಕಾಪಿ ಮಾಡಿ ಕೊಡೋಕೆ ಲೈಸೆನ್ಸೇ ಅನುಮತಿ ಕೊಡುತ್ತೆ. ಮೌರ್ಯರ ಸೈನ್ಯ ಇದೆ, ಆನೆ ಮೇಲೆ ಕೂತು ರೋಮನ್ನರ ಕೋಟೆ ಒಡೀಬಹುದು. ಅಣ್ಣನಿಗೆ ಹೋದ ತಿಂಗಳು ಇದನ್ನೇ ಪೀಣ್ಯಕ್ಕೆ ಕಳಿಸಿದೆ, ಈಗ ನನಗಿಂತ ಚೆನ್ನಾಗಿ ಆಡ್ತಿದಾನೆ.

ಬೇಕಾದವರಿಗೆ ಸೋಮವಾರ ತಿಪಟೂರು ಬಸ್ಸಲ್ಲಿ ಸಿಗ್ತೀನಿ, ಹಿಂದಿನ ಸೀಟು. ಪೆನ್ ಡ್ರೈವ್ ನೀವೇ ತನ್ನಿ. ನನ್ನದು ಕೊಟ್ರೆ ವಾಪಸ್ ಬರಲ್ಲ, ಹೋದ ಸಲ ತಗೊಂಡೋನು ಇದನ್ನ ಓದ್ತಿದಾನೆ ಅಂತ ಗೊತ್ತು.