ಕಿಟಕಿಗೆ ಹಚ್ಚಿದ ಹಸಿರು

ಆಟಿಕೆಯೆಂದರೆ ಸಿಟ್ಟಾಗುವವರುಂಟು, ಆದುದರಿಂದ ಮಾದರಿಯೆಂದೇ ಕರೆಯೋಣ. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ಕಟ್ಟುವ ಹೆಲಿಕಾಪ್ಟರಿನ ಮಾದರಿಯಲ್ಲಿ ಕೈಯನ್ನು ಹೆಚ್ಚು ಪರೀಕ್ಷಿಸುವುದು ರೆಕ್ಕೆಯೂ ಅಲ್ಲ, ಬಾಲವೂ ಅಲ್ಲ, ಕಿಟಕಿ. ಹೆಲಿಕಾಪ್ಟರಿಗೆ ಮುಖವೆಂಬುದೆಲ್ಲ ಗಾಜೇ. ಅಂಥ ಗಾಜಿಗೆ ಬಣ್ಣದ ಛಾಯೆ ಕೊಡುವ ಕೆಲಸವೊಂದು ಕಳೆದ ಬೇಸಗೆಯಲ್ಲಿ ನಮ್ಮ ಪಾಲಿಗೆ ಬಂದಿತು.

ಹೊಸೂರಿನ ನಮ್ಮ ಮನೆಯಲ್ಲಿ ಈ ಹವ್ಯಾಸವಿದ್ದುದು ನಮಗಲ್ಲ, ನಮ್ಮ ತಮ್ಮನಿಗೆ. 2019ರಲ್ಲಿ ಆತ ತೀರಿಕೊಂಡಾಗ ಕಪಾಟಿನಲ್ಲಿ ಅರ್ಧ ಕಟ್ಟಿದ ಮಾದರಿಯೊಂದು ಉಳಿಯಿತು. ಅದು ‘ಹ್ಯೂಯಿ’, ಅಮೆರಿಕದ ಬೆಲ್ ಕಂಪನಿಯದು. 1956ರಲ್ಲಿ ಮೊದಲು ಹಾರಿದ ಈ ಹೆಲಿಕಾಪ್ಟರನ್ನು ವಿಯೆಟ್ನಾಂ ಯುದ್ಧದ ಚಿತ್ರಗಳಲ್ಲಿ ವಾಚಕರು ನೋಡಿಯೇ ಇರುತ್ತಾರೆ. ಮಾದರಿಯ ಅಳತೆ ನಿಜವಾದುದರ 48ರಲ್ಲಿ ಒಂದು ಪಾಲು. ಒಳಗಿನ ಕೆಲಸವನ್ನೆಲ್ಲ ತಮ್ಮನೇ ಮುಗಿಸಿದ್ದ. ಚಾಲಕರ ಆಸನಗಳು, ಅವುಗಳ ಪಟ್ಟಿಗಳು, ಎದುರಿನ ಹಲಗೆಯಲ್ಲಿ ಸಾಸಿವೆಕಾಳಿನಷ್ಟು ಮಾಪಕಗಳು. ಒಂದೊಂದರಲ್ಲಿಯೂ ಕೂದಲಿನಂಥ ಬಿಳಿಯ ಮುಳ್ಳು. ಎಷ್ಟು ರಾತ್ರಿಗಳು ಅದಕ್ಕೆ ಸಂದಿದ್ದುವೋ! ಕಿಟಕಿಗಳು ಮಾತ್ರ ಪೊಟ್ಟಣದಲ್ಲಿಯೇ ಇದ್ದುವು.

ಅದನ್ನು ಮುಗಿಸಲೇಬೇಕೆಂದು ಹಟ ಹಿಡಿದವನು ಆತನ ಮಗ, ಹದಿನಾಲ್ಕರ ಹುಡುಗ.

“ದೊಡ್ಡಪ್ಪ, ಎಲ್ಲಾ ಗಾಜಿಗೂ ಕಪ್ಪು ಹಾಕಿಬಿಡೋಣ. ಗತ್ತಾಗಿ ಕಾಣುತ್ತೆ” ಎಂದ.

ಕಾರುಗಳ ಗಾಜಿಗೆ ಕಪ್ಪು ಹಾಳೆ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರಲ್ಲಿಯೇ ನಿಷೇಧಿಸಿದೆಯಾದರೂ ಆ ಗತ್ತಿನ ಮೋಹ ಮಕ್ಕಳನ್ನು ಬಿಟ್ಟಿಲ್ಲ. ನಮ್ಮ ಅಂಜಿಕೆ ಬೇರೆಯದು. ಗಾಜು ಕಪ್ಪಾದರೆ ಅದರ ಹಿಂದಿನ ಮುಳ್ಳುಗಳನ್ನು ಇನ್ನು ಯಾರೂ ಕಾಣುವಂತಿರಲಿಲ್ಲ. ಅದನ್ನು ಹುಡುಗನಿಗೆ ಹೇಳುವ ಬಗೆ ಮಾತ್ರ ತಿಳಿಯಲಿಲ್ಲ.

ಕಿಟ್ಟಿನೊಡನೆ ಬಂದಿದ್ದ ಸೂಚನೆಯ ಹಾಳೆಯನ್ನು ಬಿಡಿಸಿದಾಗ ಅಂಚಿನಲ್ಲಿ ಪೆನ್ಸಿಲಿನ ಬರಹ ಕಂಡಿತು. ಶಾಲೆಯಲ್ಲಿ ಕನ್ನಡ ಕಲಿಯದ ಹುಡುಗ, ಮನೆಯಲ್ಲಿ ಕಲಿತಷ್ಟರಿಂದ ಅಕ್ಷರ ಅಕ್ಷರವಾಗಿ ಕೂಡಿಸಿ ಓದಿದ: “ಮೇಲಿನದು ಹಸಿರು. ತೆಳ್ಳಗೆ.” ಕಪ್ಪಿನ ಮಾತನ್ನು ಆತ ಮತ್ತೆ ಎತ್ತಲಿಲ್ಲ.

ತಮ್ಮ ಬರೆದುದು ಸರಿಯಾಗಿಯೇ ಇತ್ತು. ಹ್ಯೂಯಿಯಲ್ಲಿ ಚಾಲಕರ ನೆತ್ತಿಯ ಮೇಲೆ ಎರಡು ಕಿಟಕಿಗಳುಂಟು. ನೇರ ಬಿಸಿಲನ್ನು ತಗ್ಗಿಸಲು ಅವಕ್ಕೆ ಹಸಿರು ಛಾಯೆ. ಮುಂದಿನವು ತಿಳಿ. ಕತ್ತಲಲ್ಲಿ ಇಳಿಯುವವನಿಗೆ ಎದುರಿನ ನೆಲ ಕಾಣಬೇಡವೆ?

ಇನ್ನು ‘ತೆಳ್ಳಗೆ’ ಎಂಬುದರ ಅರ್ಥ. ಮಾದರಿಯ ಗಾಜಿನ ದಪ್ಪ ಒಂದು ಮಿಲಿಮೀಟರ್ ಎನ್ನಿ. 48ರಿಂದ ಗುಣಿಸಿದರೆ ಹೆಚ್ಚು ಕಡಿಮೆ ಐದು ಸೆಂಟಿಮೀಟರ್! ನಿಜವಾದ ಹ್ಯೂಯಿಗೆ ಅಷ್ಟು ದಪ್ಪದ ಕಿಟಕಿಯಿಲ್ಲ. ಮೊದಲೇ ಭಾರವಾಗಿ ಕಾಣುವ ಅದಕ್ಕೆ ಬಣ್ಣವೂ ಗಾಢವಾದರೆ ಸೋಡಾಬುಡ್ಡಿಯೇ ಸರಿ.

ತಾಮಿಯಾ ಕಂಪನಿಯ ಪಾರದರ್ಶಕ ಹಸಿರು ಬಣ್ಣದ ಸೀಸೆಯೊಂದನ್ನು ಬೆಂಗಳೂರಿನಿಂದ ತರಿಸಿದೆವು. ಒಂದು ಹನಿ ಹಸಿರಿಗೆ ಐದಾರು ಹನಿ ಅದೇ ಜಾತಿಯ ಬಣ್ಣವಿಲ್ಲದ ಹೊಳಪಿನ ವಾರ್ನಿಷು. ಮೊದಲ ಪ್ರಯೋಗ ಕಿಟಕಿಯ ಮೇಲಲ್ಲ, ಖಾಲಿಯಾದ ಮಾತ್ರೆಯ ಹಾಳೆಯ ತಿಳಿಯಾದ ಗುಳಿಗಳ ಮೇಲೆ. ನಮ್ಮ ವಯಸ್ಸಿನಲ್ಲಿ ಮನೆಯಲ್ಲಿ ಅವಕ್ಕೆ ಬರವಿಲ್ಲ. ಬಿಳಿಯ ಕಾಗದದ ಮೇಲಿಟ್ಟರೆ ಬಣ್ಣ ಗಾಢವೆನಿಸಿತು. ಆಕಾಶಕ್ಕೆ ಹಿಡಿದರೆ ತಿಳಿಯಾಯಿತು. ಕಾಗದದ ಮೇಲೆ ಬೆಳಕು ಗಾಜನ್ನು ಹೊಕ್ಕು, ತಿರುಗಿ ಅದರ ಮೂಲಕವೇ ಹೊರಬರುತ್ತದೆ. ಎರಡು ಸಲ ಹಸಿರನ್ನು ದಾಟುತ್ತದೆ. ಹುಡುಗನಿಗೆ ಇದು ಬಹಳ ಹಿಡಿಸಿತು. ಆಕಾಶದ ಲೆಕ್ಕವನ್ನೇ ನಂಬುವುದೆಂದು ತೀರ್ಮಾನವಾಯಿತು.

ಕಿಟಕಿಗಳನ್ನು ಸಾಬೂನಿನ ನೀರಿನಲ್ಲಿ ತೊಳೆದು, ಒಣಗಿಸಿ, ಒಳಮೈ ಮೇಲಾಗಿ ಇಟ್ಟೆವು. ಇಂಥ ಬಣ್ಣವನ್ನು ಗೋಡೆಗೆ ಸುಣ್ಣ ಬಳಿದಂತೆ ಬಳಿಯಬಾರದು. ಕುಂಚವನ್ನು ತುಂಬಿಸಿ, ಒಮ್ಮೆ ಇಳಿಸಿ, ಅದು ತಾನಾಗಿ ಹರಡಿಕೊಳ್ಳಲು ಬಿಡಬೇಕು. ಅಂಚಿನಲ್ಲಿ ನಿಂತ ಹೆಚ್ಚಿನದನ್ನು ಕಾಗದದ ಮೂಲೆಯಿಂದ ಹೀರಬೇಕು. ಅರ್ಧ ಒಣಗಿದಾಗ ಮತ್ತೆ ಮುಟ್ಟಿದರೆ ಗೆರೆ ಏಳುತ್ತದೆ, ಆ ಗೆರೆ ಮತ್ತೆ ಹೋಗದು. ಹುಡುಗನ ಕೈಯೇ ಸ್ಥಿರವೆಂದು ಕುಂಚವನ್ನು ಅವನಿಗೇ ಕೊಟ್ಟೆವು. ಆತ ಉಸಿರು ಬಿಗಿಹಿಡಿದು ಇಳಿಸಿದ. ಧೂಳು ಕೂಡದಂತೆ ಅದರ ಮೇಲೆ ಅಡಿಗೆಮನೆಯ ಸ್ಟೀಲ್ ಬೋಗುಣಿಯೊಂದನ್ನು ಬೋರಲು ಹಾಕಿದೆವು. ಮರುದಿನದವರೆಗೆ ಆ ಬೋಗುಣಿ ಸಿಗದೆ ಮನೆಯಾಕೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಅಂಟಿಸುವಾಗಲೂ ಎಚ್ಚರ ಬೇಕು. ಕ್ಷಣದಲ್ಲಿ ಹಿಡಿಯುವ ಅಂಟಿನ ಆವಿಯಿಂದ ತಿಳಿಯಾದ ಪ್ಲಾಸ್ಟಿಕ್ಕು ಮಂಜು ಕವಿದಂತೆ ಬಿಳಿಚಿಕೊಳ್ಳುತ್ತದೆ. ಮರಗೆಲಸದ ಫೆವಿಕಾಲು ನಿಧಾನವಾದರೂ ಒಣಗಿದ ಮೇಲೆ ಕಣ್ಣಿಗೆ ಬೀಳದು. ಕಡ್ಡಿಯ ತುದಿಯಿಂದ ಅದನ್ನೇ ಹಚ್ಚಿದೆವು.

ಆ ಸಂಜೆ ದೀಪ ಆರಿಸಿ, ಮೇಲಿನಿಂದ ಟಾರ್ಚು ಹಿಡಿದೆವು. ಆಸನಗಳ ಮೇಲೆ ಬಾಳೆಯ ಸುಳಿಯೆಲೆಯ ಅಡಿಯಲ್ಲಿ ಬೀಳುವಂಥ ಹಸಿರು ಬೆಳಕು. ಮುಂದಿನ ಗಾಜಿನಿಂದ ನೋಡಿದರೆ ಮಾಪಕಗಳ ಹಲಗೆ. ಹುಡುಗ ಮುಳ್ಳುಗಳನ್ನು ಎಣಿಸತೊಡಗಿದ. ಅವನಿಗೆ ಹದಿನೇಳು ಸಿಕ್ಕಿದುವು, ನಮಗೆ ಒಂಬತ್ತು. ಮತ್ತೊಮ್ಮೆ ಎಣಿಸಲು ಟಾರ್ಚನ್ನು ಅವನ ಕೈಗೆ ಕೊಟ್ಟೆವು. ರೆಕ್ಕೆಗಳನ್ನು ಇನ್ನೂ ಕೂಡಿಸಿಲ್ಲ.