ಕ್ಯಾಮೆರಾದ ನೆತ್ತಿಯ ಮೇಲಿನ ಕಿಂಡಿ

ಐವತ್ತು ದಾಟಿದವರಿಗೆ ಹೊಸ ಕ್ಯಾಮೆರಾ ಕೊಡುವವರು ಜೊತೆಗೊಂದು ಓದುವ ಕನ್ನಡಕವನ್ನೂ ಕೊಡಬೇಕೆಂದು ನಾನು ತಮಾಷೆಗೆ ಹೇಳುವುದುಂಟು. 2010ರಲ್ಲಿ ನನ್ನ ಮಗ ತನ್ನ ಒಲಿಂಪಸ್ ಪೆನ್ ಇ-ಪಿ1 ಕ್ಯಾಮೆರಾವನ್ನು ನನಗೆ ದಾಟಿಸಿದಾಗ ಆದ ಫಜೀತಿ ಅದು. ಅಂಗಳದ ದಾಸವಾಳ ಬರಿಗಣ್ಣಿಗೆ ನಿಚ್ಚಳವಾಗಿ ಕಾಣುತ್ತಿತ್ತು. ಕ್ಯಾಮೆರಾದ ಬೆನ್ನಿನ 3 ಅಂಗುಲದ ಪರದೆಯಲ್ಲಿ ಅದೇ ದಾಸವಾಳ ಬರೀ ಕೆಂಪು ಶಾಯಿಯ ಕಲೆ. ಕನ್ನಡಕ ಏರಿಸಿದರೆ ಪರದೆ ಸ್ಪಷ್ಟ, ಗಿಡ ಮಸುಕು. ಮಧ್ಯಾಹ್ನದ ಬಿಸಿಲಿನಲ್ಲಂತೂ ಪರದೆಯ ಗಾಜಿನಲ್ಲಿ ಕಾಣುತ್ತಿದ್ದುದು ನನ್ನದೇ ಮುಖ. ವರ್ಷ ವರ್ಷವೂ ಹತ್ತನೆಯ ತರಗತಿಗೆ ಚಾಳೀಸಿನ ಪಾಠ ಮಾಡಿದವನಿಗೆ ಅದರ ನಿಜವಾದ ಅರ್ಥ ಆಗ ತಿಳಿಯಿತು.

ಈ ಇ-ಪಿ1 ಮಾರುಕಟ್ಟೆಗೆ ಬಂದದ್ದು 2009ರಲ್ಲಿ. 1959ರಲ್ಲಿ ಮೈತಾನಿ ಯೋಶಿಹಿಸಾ ಎಂಬ ಜಪಾನಿ ವಿನ್ಯಾಸಕಾರರು ರೂಪಿಸಿದ ಪುಟ್ಟ 'ಪೆನ್' ಕ್ಯಾಮೆರಾದ ಐವತ್ತನೆಯ ವರ್ಷದ ನೆನಪಿಗೆ ಅದೇ ಹೆಸರು ಇಟ್ಟಿದ್ದರು. ಹಳೆಯ ಪೆನ್ನಿಗೆ ಕಣ್ಣಿಟ್ಟು ನೋಡುವ ಕಿಂಡಿಯಿತ್ತು, ಹೊಸದಕ್ಕೆ ಇಲ್ಲ. ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸಿನಿಂದ ಬಂದ ಬೆಳಕನ್ನು ಒಂದು ಕನ್ನಡಿ ಮೇಲಕ್ಕೆ ತಿರುಗಿಸಿ ಕಣ್ಣಿಗೆ ತಲುಪಿಸುತ್ತದೆ. ಕನ್ನಡಿಯನ್ನೇ ತೆಗೆದುಹಾಕಿದ್ದರಿಂದ ಕ್ಯಾಮೆರಾ ತೆಳುವಾಯಿತು, ಆದರೆ ಕಣ್ಣಿನ ದಾರಿಯೂ ಮುಚ್ಚಿಹೋಯಿತು. ಕಿಂಡಿಯೇ ಬೇಕೆನ್ನುವ ನನ್ನಂಥ ಹಳಬರಿಗಾಗಿ ಅದೇ ಕಂಪನಿ ವಿಎಫ್-1 ಎಂಬ ಗಾಜಿನ ವ್ಯೂಫೈಂಡರನ್ನು ಪ್ರತ್ಯೇಕವಾಗಿ ಮಾರುತ್ತಿತ್ತು. ಫ್ಲ್ಯಾಷ್ ಕೂರಿಸುವ ಜಾಗದಲ್ಲಿ ಅದನ್ನು ತೂರಿಸಿದರೆ ಆಯಿತು. 17 ಮಿಲಿಮೀಟರ್ ಲೆನ್ಸಿಗೆ ಮಾತ್ರ ಅದು ಹೊಂದುತ್ತಿತ್ತು. ನನ್ನ ಪೇಚಾಟ ನೋಡಲಾರದೆ ಮಗ ಅದನ್ನೂ ತರಿಸಿಕೊಟ್ಟ.

ಇದೇನೂ ಹೊಸ ಉಪಾಯವಲ್ಲ. 1930ರ ದಶಕದ ಲೈಕಾ ಕ್ಯಾಮೆರಾದವರು ಲೆನ್ಸ್ ಬದಲಿಸಿದಾಗಲೆಲ್ಲ ಅದಕ್ಕೆ ತಕ್ಕ ಕಿಂಡಿಯನ್ನು ಹೀಗೆಯೇ ನೆತ್ತಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಒಳಗಿರುವುದು ಗೆಲಿಲಿಯೋನ ದೂರದರ್ಶಕವೇ, ತಿರುಗುಮುರುಗಾಗಿ: ಮುಂದೆ ನಿಮ್ನ ಮಸೂರ, ಕಣ್ಣಿನ ಕಡೆ ಪೀನ ಮಸೂರ. ತಂತಿಯಿಲ್ಲ, ಬ್ಯಾಟರಿಯಿಲ್ಲ. ದೃಶ್ಯ ಚಿಕ್ಕದಾಗಿ, ಆದರೆ ದೂರದ ವಸ್ತುವಿನಂತೆಯೇ ಕಾಣುವುದರಿಂದ ಓದುವ ಕನ್ನಡಕದ ಹಂಗಿಲ್ಲ. ನಡುವೆ ತೇಲುವ ಹೊಳೆವ ಚೌಕಟ್ಟು ಚಿತ್ರದ ಎಲ್ಲೆಯನ್ನು ತೋರಿಸುತ್ತದೆ; ಅದರಾಚೆಗೂ ಒಂದಿಷ್ಟು ಕಾಣುವುದರಿಂದ ಓಡಿಬರುತ್ತಿರುವ ಮಗು ಚೌಕಟ್ಟಿನೊಳಗೆ ಕಾಲಿಡುವ ಮೊದಲೇ ತಿಳಿಯುತ್ತದೆ. ಕ್ಯಾಮೆರಾವನ್ನು ಹಣೆಗೆ ಒತ್ತಿ, ಮೊಣಕೈಗಳನ್ನು ಪಕ್ಕೆಗೆ ಆನಿಸಿ ನಿಂತರೆ ಕೈ ನಡುಕವೂ ಕಡಿಮೆ.

ಕೊರತೆಗಳೂ ಇದ್ದವು. ಆ ಗಾಜಿನಲ್ಲಿ ಎಲ್ಲವೂ ಸ್ಪಷ್ಟವೇ. ಕ್ಯಾಮೆರಾ ಯಾವುದರ ಮೇಲೆ ಫೋಕಸ್ ಮಾಡಿದೆಯೆಂದು ಕಾಣದು. ಫೋಕಸ್ ಬಿಂದುವನ್ನು ನಡುವಿಗೆ ನಿಲ್ಲಿಸಿಟ್ಟು, 'ಪೀಪ್' ಸದ್ದನ್ನು ನಂಬಿ ಗುಂಡಿ ಒತ್ತಬೇಕು. ಆ ಕ್ಯಾಮೆರಾಕ್ಕೆ ತನ್ನದೇ ಫ್ಲ್ಯಾಷ್ ಇಲ್ಲದ್ದರಿಂದ ಕಿಂಡಿ ಕೂತರೆ ಫ್ಲ್ಯಾಷಿಗೆ ಜಾಗವಿಲ್ಲ. ಇವೆರಡನ್ನೂ ನಾನು ಸಹಿಸಿಕೊಂಡೆ. ಮೂರನೆಯದು ಮಾತ್ರ ನನ್ನನ್ನು ಕಾಡಿತು.

2011ರ ಬೇಸಿಗೆ ರಜೆಯಲ್ಲಿ ಸಾಗರದ ಕಡೆಯಿರುವ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನಿಗೆ ಕ್ಯಾಮೆರಾ ಎಂದರೆ ಸಂಕೋಚ. ಯಾರಾದರೂ ಕೈಚಾಚಿ ಪರದೆ ಹಿಡಿದರೆ ಸಾಕು, ಪಾಸ್‌ಪೋರ್ಟ್ ಚಿತ್ರಕ್ಕೆ ಕುಳಿತವಳಂತೆ ಬಿಗಿಯಾಗುತ್ತಿದ್ದಳು. ಆ ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಕೈಗೆ ಎಣ್ಣೆ ಸವರಿಕೊಂಡು ಹಲಸಿನ ತೊಳೆ ಬಿಡಿಸುತ್ತಿದ್ದಳು. ತುರುಬಿನ ಮೇಲೆ ಆಗಷ್ಟೇ ಮುಡಿದ ದುಂಡು ಮಲ್ಲಿಗೆ. ಒಂದು ಮೀಟರ್ ದೂರದಲ್ಲಿ ಕುಳಿತು ಕಿಂಡಿಗೆ ಕಣ್ಣಿಟ್ಟೆ. ಭಾವನವರು ಒಳಗಿನಿಂದ ಏನೋ ಅಂದರು. ಅಕ್ಕ ತಲೆ ತಗ್ಗಿಸಿಯೇ ನಕ್ಕಳು. ಹೂವಿನಿಂದ ಹಲಸಿನವರೆಗೆ ಎಲ್ಲವೂ ಚೌಕಟ್ಟಿನೊಳಗಿತ್ತು. ಗುಂಡಿ ಒತ್ತಿದೆ.

ಪರದೆಯಲ್ಲಿ ನೋಡಿದರೆ ನಗು ಇದೆ, ಕೈಗಳಿವೆ, ಹಲಸಿನ ಹಣ್ಣಿದೆ, ನೆತ್ತಿಯಿಲ್ಲ, ಹೂವಿಲ್ಲ. ಅಕ್ಕ ಇಣುಕಿ ನೋಡಿ, "ಹೂವು ಮುಡಿದದ್ದೇ ದಂಡವಾಯಿತಲ್ಲೋ ತಮ್ಮಾ!" ಎಂದಳು.

ರಾತ್ರಿ ಅಳತೆಪಟ್ಟಿ ಹಿಡಿದು ಕುಳಿತೆ. ಕಿಂಡಿಯ ನಡುವಿಗೂ ಲೆನ್ಸಿನ ನಡುವಿಗೂ ಸುಮಾರು 5 ಸೆಂಟಿಮೀಟರ್ ಅಂತರ. ಎರಡೂ ಸಮಾಂತರ ರೇಖೆಗಳಲ್ಲಿ ನೋಡುವುದರಿಂದ ಆ 5 ಸೆಂಟಿಮೀಟರ್ ಎಷ್ಟು ದೂರ ಹೋದರೂ 5 ಸೆಂಟಿಮೀಟರೇ. ಬದಲಾಗುವುದು ಲೆನ್ಸ್ ಹಿಡಿಯುವ ಕ್ಷೇತ್ರ. ಸೆನ್ಸರಿನ ಎತ್ತರ 13 ಮಿಲಿಮೀಟರ್, ಲೆನ್ಸ್ 17. ಸಮರೂಪ ತ್ರಿಭುಜಗಳ ಲೆಕ್ಕದಲ್ಲಿ ಒಂದು ಮೀಟರ್ ದೂರದಲ್ಲಿ ಕಾಣುವ ಎತ್ತರ 76 ಸೆಂಟಿಮೀಟರ್. ಅದರಲ್ಲಿ 5 ಎಂದರೆ 15ರಲ್ಲಿ ಒಂದು ಪಾಲು ಮೇಲಿನಿಂದ ಹೋಯಿತು. ಐದು ಮೀಟರ್ ದೂರದಲ್ಲಾದರೆ ಹೋಗುವುದು 76ರಲ್ಲಿ ಒಂದೇ ಪಾಲು, ಗಮನಕ್ಕೂ ಬಾರದು. ಪ್ಯಾರಲಾಕ್ಸ್ ಎನ್ನುವುದು ಇಷ್ಟೇ. ನಮ್ಮ ಸೋದರಮಾವ ತಮ್ಮ ಆಗ್ಫಾ ಕ್ಲಿಕ್ 3 ಹಿಡಿದು "ಹಿಂದೆ ಸರೀರಿ, ಹಿಂದೆ" ಎಂದು ಮನೆಮಂದಿಯನ್ನೆಲ್ಲ ಗೋಡೆಗೆ ಒತ್ತುತ್ತಿದ್ದುದಕ್ಕೆ ಇದೂ ಒಂದು ಕಾರಣವಿದ್ದೀತು. ಸಮರೂಪ ತ್ರಿಭುಜವನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಜಗಲಿಯಲ್ಲಿ ಅದು ನೆನಪಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನನ್ನು ಎರಡು ಮೀಟರ್ ಆಚೆ ಕೂರಿಸಿ, ತಲೆಯ ಮೇಲೆ ಬೇಕಾದಷ್ಟು ಜಾಗ ಬಿಟ್ಟು ಮತ್ತೊಂದು ತೆಗೆದೆ. ಹೂವು ಪೂರ್ತಿ ಬಂತು. ಆದರೆ ಅಕ್ಕ ರೇಷ್ಮೆ ಸೀರೆಯುಟ್ಟು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಪಾಸ್‌ಪೋರ್ಟ್ ಚಿತ್ರದಂತೆ ಕುಳಿತಿದ್ದಳು.

ಈ ತೊಂದರೆಗೆ ಪರಿಹಾರವಿರಲಿಲ್ಲವೆಂದಲ್ಲ. 2009ರ ಕೊನೆಯಲ್ಲೇ ಬಂದ ಇ-ಪಿ2ಕ್ಕೆ ವಿದ್ಯುನ್ಮಾನ ವ್ಯೂಫೈಂಡರ್ ಜೋಡಿಸಬಹುದಿತ್ತು. ಅದು ಲೆನ್ಸ್ ಕಂಡದ್ದನ್ನೇ ತೋರಿಸುತ್ತದೆ, ತಲೆ ಕತ್ತರಿಸುವುದಿಲ್ಲ. ಇಂದಿನ ಹಲವು ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಅದು ಒಳಗೇ ಇರುತ್ತದೆ. ಮಗನ ಹೊಸ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿದ್ದೇನೆ. ಚೆನ್ನಾಗಿದೆ. ಆದರೂ ಅದು ಪುಟ್ಟ ಟಿವಿಯೇ; ನನ್ನ ಗಾಜಿನ ಕಿಂಡಿಯಲ್ಲಿ ಕಾಣುತ್ತಿದ್ದುದು ಜಗಲಿಯೇ.

ಅಕ್ಕ ತೀರಿಕೊಂಡದ್ದು 2014ರಲ್ಲಿ. ಕಟ್ಟು ಹಾಕಿಸಲು ಒಂದು ಚಿತ್ರ ಬೇಕೆಂದು ಅಳಿಯ ಫೋನ್ ಮಾಡಿದ. ಎರಡನ್ನೂ ಕಳಿಸಿದೆ. ಮೊದಲನೆಯದರಲ್ಲಿ ತಲೆಯೇ ಪೂರ್ತಿ ಬಂದಿಲ್ಲ, ಗೋಡೆಗೆ ಹಾಕುವುದು ಚೆನ್ನಾಗಿರದು ಮಾವ, ಎಂದ. ಅವನ ಮಾತು ಸರಿಯೇ. ರೇಷ್ಮೆ ಸೀರೆಯ ಅಕ್ಕ ಈಗ ಆ ಮನೆಯ ನಡುಮನೆಯಲ್ಲಿದ್ದಾಳೆ, ಹಬ್ಬಹರಿದಿನಗಳಲ್ಲಿ ಚಿತ್ರಕ್ಕೆ ಮಲ್ಲಿಗೆ ಮುಡಿಸುತ್ತಾರೆ. ಹಲಸಿನ ಹಣ್ಣಿನ ಅಕ್ಕನನ್ನು ನಾನು ಅಂಚೆಕಾರ್ಡಿನ ಗಾತ್ರಕ್ಕೆ ಅಚ್ಚು ಹಾಕಿಸಿ ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಅದನ್ನು ನೋಡಲು ಮಾತ್ರ ಓದುವ ಕನ್ನಡಕ ಬೇಕು.