ನಡುವಟ್ಟದ ಹಳೆಯ ಜೈಲು

ದಾವಣಗೆರೆಯಿಂದ ಊಟಿಗೆ ಹೋಗುವವರು ಬಂಡೀಪುರ ದಾಟಿದ ಮೇಲೆ ಸಾಮಾನ್ಯವಾಗಿ ಮಸಿನಗುಡಿಯ ಕಡಿದಾದ ದಾರಿ ಹಿಡಿಯುತ್ತಾರೆ. ನಾವು ಈ ಸಲ ಗೂಡಲೂರಿನ ಮೇಲೆ ಹೋದೆವು. ಘಾಟಿ ಹತ್ತಿದರೆ ಸಿಗುವ ಊರು ನಡುವಟ್ಟಂ. ಸುತ್ತಲೂ ಚಹಾ ತೋಟ, ಮೈ ನಡುಗಿಸುವ ಮಂಜು. ಅಲ್ಲೊಂದು ಹಳೆಯ ಜೈಲಿದೆ. ಈಗ ಟಿಕೆಟ್ ಕೊಂಡು ಒಳಗೆ ಹೋಗಬಹುದು.

ಮಕ್ಕಳೇ, ಚಳಿಜ್ವರಕ್ಕೆ ಕ್ವಿನೈನ್ ಎಂಬ ಕಹಿ ಮದ್ದು ಇತ್ತೆಂದು ನಿಮ್ಮ ಅಜ್ಜಿಯನ್ನು ಕೇಳಿ. ಹರಿಹರದಲ್ಲಿ ನಮ್ಮಜ್ಜಿ ಅದನ್ನು ಬೆಲ್ಲದಲ್ಲಿ ಸುತ್ತಿ ನುಂಗಿಸುತ್ತಿದ್ದರು. ಬೆಲ್ಲ ಕರಗಿದ ಮೇಲೂ ಕಹಿ ಹೋಗುತ್ತಿರಲಿಲ್ಲ! ಆ ಮದ್ದು ಬರುವುದು ಸಿಂಕೋನಾ ಮರದ ತೊಗಟೆಯಿಂದ. ದಕ್ಷಿಣ ಅಮೆರಿಕದ ಆ ಗಿಡಗಳನ್ನು ಬ್ರಿಟಿಷರು 1860ರ ಹೊತ್ತಿಗೆ ನೀಲಗಿರಿಗೆ ತಂದರು. ಕಾಡು ಕಡಿದು ಗಿಡ ನೆಡಲು ಆಳು ಬೇಕಿತ್ತು. ಮಲಯ ಸೀಮೆಯ ಬ್ರಿಟಿಷ್ ವಸಾಹತುಗಳ ಜೈಲುಗಳಲ್ಲಿ ಜಾಗ ಸಾಲದೆ ಚೀನೀ ಕೈದಿಗಳನ್ನು ಮದ್ರಾಸಿಗೆ ಕಳಿಸಿದ್ದರು. ಅವರಲ್ಲಿ ಕೆಲವರನ್ನು ಈ ಬೆಟ್ಟಕ್ಕೆ ಹತ್ತಿಸಿದರು. ಹಗಲು ಗುದ್ದಲಿ, ರಾತ್ರಿ ಬೀಗ. ಇಡೀ ಜೀವನ ಲೆಡ್ಜರ್ ಬರೆದ ನನಗೆ ಇದರ ಲೆಕ್ಕ ಬೇಗ ಅರ್ಥವಾಯಿತು: ಇಷ್ಟು ಅಗ್ಗದ ಆಳು ಸರ್ಕಾರಕ್ಕೆ ಬೇರೆಲ್ಲಿ ಸಿಗಬೇಕು?

ಜುಲೈ ತಿಂಗಳು. ಮುಂಗಾರಿನ ಬಿರುಮಳೆಯ ಒಂದು ರಾತ್ರಿ ಹನ್ನೆರಡು ಮಂದಿ ಚೀನೀಯರು ಜೈಲು ಮುರಿದು ಓಡಿದರು. ಭಾಷೆ ಗೊತ್ತಿಲ್ಲ, ದಾರಿ ಗೊತ್ತಿಲ್ಲ, ಸಮುದ್ರದಾಚೆ ಮನೆ. ಹುಡುಕಲು ಹೋದ ಒಂದು ಪೊಲೀಸ್ ತಂಡ ಜೀವಂತ ಮರಳಲಿಲ್ಲ. ಆ ಪೊಲೀಸರೂ ಸಂಬಳಕ್ಕೆ ದುಡಿಯುವ ನಮ್ಮಂಥ ಬಡವರೇ. ಇದನ್ನು ಮೊಮ್ಮಗನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿ, ಕೊನೆಗೆ ಹೇಳಿದೆ.

ಅವನು ಕಂಬಿ ಹಿಡಿದು ನಿಂತಿದ್ದ. "ಶಿಕ್ಷೆ ಮುಗಿದ್ಮೇಲೆ ಉಳಿದೋರು ಮನೆಗೆ ಹೋದ್ರಾ ಅಜ್ಜ?" ಎಂದ.

ಕೆಲವರು ಹೋಗಲಿಲ್ಲ. ನಡುವಟ್ಟಂ ಮತ್ತು ಗೂಡಲೂರಿನ ನಡುವೆಯೇ ನೆಲೆಸಿ, ತಮಿಳು ಹೆಣ್ಣುಮಕ್ಕಳನ್ನು ಮದುವೆಯಾದರು. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಎಂಬ ಅಧಿಕಾರಿ ಮುಂದೆ ಆ ಸಂಸಾರಗಳನ್ನು ಕಂಡು ಬರೆದಿಟ್ಟಿದ್ದಾನೆ. ಅಳತೆಪಟ್ಟಿ ಹಿಡಿದು ಅವರ ತಲೆ, ಮೂಗು ಅಳೆದದ್ದು ನನಗೆ ಹಿಡಿಸಲಿಲ್ಲ. ಆದರೆ ಅವರ ಬದುಕು ನಮಗೆ ತಿಳಿದದ್ದು ಅವನ ಬರಹದಿಂದಲೇ. ತರಕಾರಿ ಬೆಳೆಯುತ್ತಿದ್ದರು, ಸ್ವಲ್ಪ ಕಾಫಿ ಹಾಕಿದ್ದರು, ಹಸು ಸಾಕಿದ್ದರು.